ಎಂಜಿನ್ನಿಗೆ ಕಟ್ಟಿದ ಬಾಸಿಂಗ

ಲಿಂಗನಮಕ್ಕಿಯಲ್ಲಿ ನೀರು ನಿಂತ ಮರುವರ್ಷ ನನ್ನ ಮೈದುನ ಬೆಳ್ಳಪ್ಪ ಮೋಟಾರ್ ಸೈಕಲ್ ತಂದ. ಅಣೆಕಟ್ಟಿನ ಕೆಲಸ ಮುಗಿಸಿ ತನ್ನೂರಿಗೆ ಹೊರಟಿದ್ದ ಯಾರೋ ಓವರ್‌ಸಿಯರು ಬಿಟ್ಟುಹೋದ ಗಾಡಿ. ಅದು ಸಾಗರದ ನಮ್ಮ ಬೀದಿಗೆ ಬಂದ ದಿನ ಮಂಡಗದ್ದೆಯ ಹಕ್ಕಿಗಳೆಲ್ಲ ಎದ್ದು ಬಂದು ನಮ್ಮ ಮಾಡಿನ ಮೇಲೆ ಕೂತು ಒಟ್ಟಿಗೆ ಕಿರುಚಿದ ಹಾಗಾಯಿತು. ಹೊಗೆ ಎಷ್ಟು ಬಂತೆಂದರೆ, ಸಂಜೆಯಾಯಿತೆಂದು ತಿಳಿದು ಎದುರುಮನೆಯ ಎಮ್ಮೆ ತಾನಾಗಿಯೇ ಕೊಟ್ಟಿಗೆಗೆ ಹೋಗಿ ನಿಂತಿತು.

ಬೆಳ್ಳಪ್ಪನ ಮೀಸೆ ಮೊದಲೇ ಸಾಗರದಲ್ಲಿ ಶುರುವಾದರೆ ಹೊಸನಗರದಲ್ಲಿ ಮುಗಿಯುತ್ತಿತ್ತು. ಗಾಡಿ ಬಂದ ಮೇಲೆ ತೀರ್ಥಹಳ್ಳಿಯವರೆಗೂ ಬೆಳೆಯಿತು. ಆ ಮೀಸೆಯನ್ನು ಬುಡಸಮೇತ ಕೀಳಬೇಕೆಂಬ ಆಸೆ ನನಗೆ ಗಾಡಿ ಬರುವ ಮೊದಲಿಂದಲೂ ಇತ್ತು.

ನಮ್ಮದು ಬೆಂಡಿನ ಕೆಲಸದ ಮನೆ. ಕೆರೆಯಲ್ಲಿ ಬೆಳೆಯುವ ಬೆಂಡನ್ನು ತಂದು, ಒಣಗಿಸಿ, ಸಿಪ್ಪೆ ತೆಗೆದು, ಊದಿದರೆ ಹಾರಿಹೋಗುವಷ್ಟು ತೆಳ್ಳಗೆ ಹೆರೆದು ಮದುಮಕ್ಕಳ ಹಣೆಗೆ ಬಾಸಿಂಗ ಮಾಡುವುದು. ನನ್ನ ಗಂಡ ಗುತ್ಯಪ್ಪನ ಬಾಸಿಂಗ ಎಂದರೆ ಮೂರು ತಾಲ್ಲೂಕಿಗೂ ಹೆಸರು. ಹೆಸರು ಅವರದು, ಕೈ ನನ್ನದು. ಅವರು ಜಗಲಿಯಲ್ಲಿ ಎಲೆಅಡಿಕೆಯ ಕವಳ ಹಾಕುತ್ತ ಗಿರಾಕಿಗಳ ಹತ್ತಿರ ಮಾತಾಡುತ್ತಿದ್ದರು, ಒಳಗೆ ನಾನು ಕತ್ತಿ ಹಿಡಿದು ಹೆರೆಯುತ್ತಿದ್ದೆ. ಪುಣ್ಯಾತ್ಮ ಸತ್ತರು. ತಿಥಿ-ಬೊಜ್ಜದ ಊಟದ ಎಲೆ ಎತ್ತುವ ಮೊದಲೇ ಬೆಳ್ಳಪ್ಪ ಬಂದು ಗೋಡೆಗೆ ಸಿಕ್ಕಿಸಿದ್ದ ನನ್ನ ಕತ್ತಿಯನ್ನು ತೆಗೆದುಕೊಂಡ.

“ಮುಂಡೆ ಮುಟ್ಟಿದ ಬಾಸಿಂಗ ಯಾರ್ ಕಟ್ಕಳ್ತಾರೆ ಅತ್ಗೆ? ಮದುಮಗ ಮಂಟಪದಾಗೇ ಕಣ್ಮುಚ್ಚಿದ್ರೆ ಏನ್ ಹೇಳಾದು?” ಅಂದ.

ನನಗೆ ಹೇಳಿ ಸುಮ್ಮನಾಗಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಮದುವೆಮನೆಗಳಿಗೆಲ್ಲ ಇದನ್ನೇ ಹೇಳಿಕೊಂಡು ಬಂದ. ಆಮೇಲೆ ನನ್ನ ಬಾಗಿಲಿಗೆ ಬರುತ್ತಿದ್ದವರು ಚಟ್ಟಕ್ಕೆ ಹೂವು ಬೇಕಾದವರು ಮಾತ್ರ. ಹೆಣಗಳಿಗೆ ನನ್ನ ಕೈ ಬಗ್ಗೆ ತಕರಾರಿರಲಿಲ್ಲ.

ಆ ಮಾಘದಲ್ಲಿ ತೀರ್ಥಹಳ್ಳಿಯಿಂದ ಶಾಂತಮ್ಮ ಬಂದರು. ತುಂಗಾ ದಂಡೆಯ ದೊಡ್ಡ ಮನೆಯವರು. ಅವರು ಹೊಳೆಯ ಈಚೆ ನಿಂತು ತಮ್ಮ ಆಳನ್ನು ಕೂಗಿದರೆ ಆಚೆ ದಂಡೆಯವರ ಆಳುಗಳೂ ಓಡಿ ಬರುತ್ತಿದ್ದರು, ಅಂಥ ಗಂಟಲು. ಕಿರಿಮಗಳ ಮದುವೆಗೆ ಬಾಸಿಂಗ ಹೇಳಲು ಬಂದಿದ್ದರು. ನಮ್ಮದೂ ಬೆಳ್ಳಪ್ಪನದೂ ಒಂದೇ ಮಾಡು, ನಡುವೆ ಒಂದು ಗೋಡೆ, ಮುಂದೆ ಒಂದೇ ಜಗಲಿ. ಗುಡಿಸುತ್ತಿದ್ದ ನನ್ನನ್ನು ಕಂಡು ಕೇಳಿದರು.

“ಏನೇ ದುರ್ಗಮ್ಮ, ನನ್ ದೊಡ್ಡ ಮಗಳಿಗೆ ಮಾಡಿದ್ದು ನಿನ್ ಕೈ ಅಲ್ಲನೇ? ಈಗ್ಯಾಕೆ ಪೊರಕೆ ಹಿಡ್ದಿದೀಯ?”

ನಾನು ಬಾಯಿ ತೆರೆಯುವ ಮೊದಲೇ ಬೆಳ್ಳಪ್ಪ ತನ್ನ ಮಾತು ಹೇಳಿಬಿಟ್ಟ. ಅದೇ ಮಾತು, ಅದೇ ಕಣ್ಮುಚ್ಚುವ ಮದುಮಗ. ಶಾಂತಮ್ಮನ ಹಣೆಯೂ ಬರಿದು ಎಂಬುದು ಮಾತು ಹೊರಬಿದ್ದ ಮೇಲೆ ಅವನ ಕಣ್ಣಿಗೆ ಬಿತ್ತು.

“ಹೌದನ?” ಅಂದರು ಶಾಂತಮ್ಮ, ಮೆಲ್ಲಗೆ. ಮೆಲ್ಲಗೆ ಅಂದರೆ ನಮ್ಮ ಬೀದಿಗೆ ಮಾತ್ರ ಕೇಳಿಸಿತು. “ಈ ಮದುವೆಗೆ ಅಕ್ಕಿ ಅಳೆದೋಳೂ ನಾನೇ, ಹಪ್ಪಳ ಒತ್ತಿದೋಳೂ ನಾನೇ. ಹಂಗಾರೆ ಎಲ್ಲ ಹೊಳೆಗೆ ಸುರೀಲನ?”

ಬೆಳ್ಳಪ್ಪ ಮೀಸೆ ಬಿಟ್ಟು ಕಿವಿ ತುರಿಸಿಕೊಂಡ.

“ನಮ್ ಬೀಗ್ರೂ ನಿನ್ ಜಾತಿ ಮಾತೇ ಆಡೋರು ಮಾರಾಯ. ಅವರ ಬಾಯಿ ಮುಚ್ಚಕ್ಕೆ ದೇವರೇ ಹೇಳ್ಲಿ. ಇಬ್ರೂ ಒಂದೊಂದು ಜೊತೆ ಮಾಡಿ. ಮದುವೆ ದಿನ ಬೆಳಿಗ್ಗೆ ಯಾರದ್ದು ಮೊದಲು ನಮ್ಮನೆ ಹೊಸ್ತಿಲು ದಾಟುತ್ತೋ ಅದನ್ನೇ ಮಕ್ಕಳ ಹಣೆಗೆ ಕಟ್ಟಾದು. ಆಮೇಲೆ ನಮ್ ನೆಂಟರ ಮನೆ ಮದುವೆ ಎಲ್ಲಕ್ಕೂ ಆ ಕೈಯೇ.”

ಹಿಂದಿನ ದಿನವೇ ಹೋಗಿ ಕೂರುವ ಹಾಗಿಲ್ಲ. ಮದುವೆಯ ದಿನ ಬೆಳಿಗ್ಗೆ ದೇವರ ಮುಂದಿಟ್ಟು, ಆರತಿ ಎತ್ತಿದ ಮೇಲೆಯೇ ಬಾಸಿಂಗ ನಮ್ಮ ಮನೆ ಬಿಡಬೇಕು. ಅಜ್ಜಂದಿರ ಕಾಲದ ಕಟ್ಟಳೆ. ಬೆಳ್ಳಪ್ಪನಿಗೆ ನಗು ತಡೆಯಲಿಲ್ಲ.

“ಅತ್ಗೆ ಬಸ್ಸಲ್ಲಿ ಬರ್ಲಿ ಬಿಡಿ. ನಾನು ಊಟ ಮುಗಿಸಿ ಕವಳ ಹಾಕ್ತಾ ಕಾಯ್ತಿರ್ತೀನಿ.”

ನಾನು ನೇರ ನನ್ನ ತಮ್ಮ ಶೇಷಪ್ಪನ ಹತ್ತಿರ ಹೋದೆ. ಹೊಸನಗರದ ರಸ್ತೆಯ ಬದಿಗೆ ತಗಡಿನ ಶೆಡ್ಡು ಹಾಕಿಕೊಂಡು ಅವನು ಗಾಡಿ ರಿಪೇರಿ ಮಾಡುತ್ತಿದ್ದ. ಗುಜರಿಯಿಂದ ಎತ್ತಿ ತಂದು ಕೂಡಿಸಿದ ಒಂದು ಮೋಟಾರ್ ಸೈಕಲ್ ಅವನಿಗೂ ಇತ್ತು. ಬೆಳ್ಳಪ್ಪನದೇ ಜಾತಿಯದು, ಆದರೆ ಅದನ್ನು ಕಂಡ ನಾಯಿಗಳು ಬೊಗಳುತ್ತಿರಲಿಲ್ಲ, ಅಳುತ್ತಿದ್ದವು.

“ಬೆಳ್ಳಪ್ಪನ್ನ ಹಿಂದೆ ಹಾಕ್ಬೇಕು ಶೇಷ.”

“ಆಗಲ್ಲಕ್ಕ. ಅವನದ್ದು ಇನ್ನೂ ಹೊಸಾದ್ರಂಗಿದೆ. ನಂದು ಅಜ್ಜಿ.”

“ಅಜ್ಜಿಯರಿಗೆ ಎಷ್ಟು ಸಿಟ್ಟಿರುತ್ತೆ ಅಂತ ನಿಂಗೆ ಗೊತ್ತಿಲ್ಲ. ಬಿಚ್ಚು ಅದನ್ನ.”

ಬಿಚ್ಚಿದ. ಅಂಗೈ ಮೇಲೆ ಪಿಸ್ಟನ್ ಇಟ್ಟು ತೋರಿಸಿದ. ಅಲ್ಯೂಮಿನಿಯಂದು, ಲೋಟ ಕವುಚಿ ಹಾಕಿದ ಹಾಗಿತ್ತು. ಅವನು ಅದರ ಒಳಮೈಯನ್ನು ಅರದಿಂದ ಹೆರೆದು, ಕೆಳಗಂಚಿಗೆ ತೂತು ಕೊರೆದು ಜರಡಿ ಮಾಡಿಟ್ಟಿದ್ದ.

“ಈ ಎಂಜಿನ್ನು ಎರಡೇ ಏಟಿಗೆ ಉಸಿರು ಎಳ್ದು, ಬಿಟ್ಟು, ಎಲ್ಲ ಮುಗಿಸ್ಬೇಕಕ್ಕ. ಒಳಗೆ ಕುಣಿಯೋದು ಹಗುರ ಆದಷ್ಟೂ ಕುಣಿತ ಜೋರು. ಪಿಸ್ಟನ್ ಇನ್ನೂ ಹೆರೆದ್ರೆ ಒಡೆಯುತ್ತೆ. ತೊಂದ್ರೆ ಇರಾದು ಇಲ್ಲಿ ನೋಡು.”

ಕೆಳಗಿನ ಗೂಡಿನಲ್ಲಿ ಕಬ್ಬಿಣದ ಜೋಡಿ ಚಕ್ರ. ಎರಡರಲ್ಲೂ ಅಂಗೈ ಹಿಡಿಸುವ ಗುಂಡಿಗಳು. ಪೆಟ್ರೋಲು ಮೊದಲು ಈ ಗೂಡಿಗೆ ಬರುತ್ತದಂತೆ, ಪಿಸ್ಟನ್ ಇಳಿಯುವಾಗ ಅದನ್ನು ಮೇಲಕ್ಕೆ ನೂಕಬೇಕಂತೆ.

“ಈ ಗುಂಡಿಗಳಲ್ಲಿ ಅದು ಸೋಮಾರಿ ಹಂಗೆ ಕೂತ್ಕಳುತ್ತೆ. ಗುಂಡಿ ತುಂಬ್ಸಿದ್ರೆ ಕೂರಕ್ಕೆ ಜಾಗ ಇಲ್ದೆ ಮೇಲೆ ಓಡುತ್ತೆ.”

“ಸೀಸ ಎರೆದು ತುಂಬ್ಸು.”

“ಭಾರಕ್ಕೆ ಚಕ್ರದ ತೂಕ ಕೆಡುತ್ತೆ. ಮರದ ಬಿರಡೆ ಹಾಕಿ ನೋಡ್ದೆ, ಆಯಿಲ್ ಕುಡಿದು ಊದ್ಕಂಡು ಕೂತ್ಕಂತು. ಗುಂಡಿ ತುಂಬಬೇಕು, ತೂಕ ಇರಬಾರ್ದು. ಅಂಥದ್ದು ಎಲ್ಲಿ ಸಿಗುತ್ತೆ ಹೇಳು?”

ನಾನು ನಕ್ಕ ನಗೆಗೆ ಶೆಡ್ಡಿನ ತಗಡು ಅದುರಿತು. “ಎಲ್ಲಿ ಸಿಗುತ್ತೆ ಅಂತ ಬೆಂಡಿನ ಮನೆ ಹೆಂಗಸಿನ ಹತ್ರ ಕೇಳ್ತೀಯಲ್ಲೋ, ಕೋಣ!”

ನನ್ನ ಕತ್ತಿ ಬೆಳ್ಳಪ್ಪನ ಹತ್ತಿರವಿತ್ತು. ಶೇಷಪ್ಪ ಗರಗಸದ ಮುರುಕು ಬ್ಲೇಡನ್ನು ಮಸೆದು ಕೊಟ್ಟ. ಅದರಲ್ಲೇ ಬೆಂಡು ಕೊಯ್ದು ಗುಂಡಿಗಳಿಗೆ ಕೂರಿಸಿದೆ. ಬಾಸಿಂಗದ ಬೆಂಡು ಕಚ್ಚಿಕೊಳ್ಳಲಿ, ಹೊಳೆಯಲಿ ಎಂದು ನಮ್ಮ ಮನೆಯಲ್ಲಿ ಕರಗಿಸಿದ ರಾಳ ಬಳಿಯುತ್ತೇವೆ. ಇಲ್ಲಿಗೂ ಅದನ್ನೇ ಬಳಿದೆ. ಗಾಡಿ ಹತ್ತಿತು, ಕುದುರೆಯಂತೆ ಜಿಗಿಯಿತು, ಅಂಚೆ ಕಚೇರಿಯ ಮುಂದೆ ಹೋಗಿ ಕಲ್ಲಾಗಿ ನಿಂತಿತು. ಬಿಚ್ಚಿ ನೋಡಿದರೆ ಒಳಗೆಲ್ಲ ಪಾಯಸ. ಬೆಂಡು ಕಿತ್ತು ಬಂದು, ಆಯಿಲ್ ಕುಡಿದು, ಮಳೆಗಾಲದ ಕಪ್ಪೆಯಷ್ಟಾಗಿತ್ತು.

“ರಾಳ ಪೆಟ್ರೋಲಿಗೆ ಕರಗುತ್ತಕ್ಕ,” ಅಂದ ಶೇಷಪ್ಪ ತಲೆ ಕೆರೆಯುತ್ತ. “ಬಡಗಿಗಳು ಕುರ್ಚಿಗೆ ಬಳೀತಾರಲ್ಲ, ಸ್ಪಿರಿಟ್ಟಲ್ಲಿ ನೆನೆಸಿದ ಅರಗು? ಅದು ಕರಗಲ್ಲ.”

ಅರಗು ತಂದು ಬಳಿದೆವು. ಒಣಗಿದ ಮೇಲೆ ಮತ್ತೆ ಬಳಿದೆವು, ಬೆಂಡು ಕುಡಿಯಲು ಬಾಯಿಯೇ ಇಲ್ಲದಂತಾಗುವವರೆಗೂ ಬಳಿದೆವು. ಮೇಲಿನಿಂದ ಬಿಗಿಯಾಗಿ ಮುಚ್ಚಲು ನಾನು ಗಂಜಿ ಉಣ್ಣುತ್ತಿದ್ದ ಅಲ್ಯೂಮಿನಿಯಂ ತಟ್ಟೆಯನ್ನೇ ಕತ್ತರಿಸಿ ಕೊಟ್ಟೆ. ಈ ಸಲ ಗಾಡಿ ಓಡಿದ ಓಟಕ್ಕೆ ಶೇಷಪ್ಪನ ತಲೆಗೆ ಕಟ್ಟಿದ್ದ ಚೌಕ ಹಾರಿ ಇಕ್ಕೇರಿಯಲ್ಲಿ ಬಿತ್ತು. ಅವನು ಹೋಗಿದ್ದು ಹೊಸನಗರದ ಕಡೆಗೆ.

ಗೆಲ್ಲಲು ಅಷ್ಟು ಸಾಕಿತ್ತು. ನನಗೆ ಸಾಕಾಗಲಿಲ್ಲ. ಬೆಳ್ಳಪ್ಪ ಬರೀ ಸೋತರೆ, ಗಾಡಿ ಸರಿಯಿರಲಿಲ್ಲ, ದಾರಿ ಸರಿಯಿರಲಿಲ್ಲ ಎಂದು ಮೀಸೆ ತಿರುವುತ್ತ ಮತ್ತೆ ಊರು ತಿರುಗುತ್ತಾನೆ. ಅವನು ನಡುದಾರಿಯಲ್ಲಿ ನಿಲ್ಲಬೇಕು. ಅವನ ಕೈಯಿಂದಲೇ ನಿಲ್ಲಬೇಕು.

ಅವನ ಹೆಂಡತಿ ಕನ್ನಮ್ಮನ ಕಿವಿ ನಮ್ಮ ನಡುಗೋಡೆಯಲ್ಲೇ ಬೇರು ಬಿಟ್ಟಿತ್ತು. ಒಂದು ದಿನ ಗೋಡೆಗೆ ಮುಖ ಮಾಡಿ, ಮನೆಗೆ ಬಂದಿದ್ದ ಶೇಷಪ್ಪನಿಗೆ ಹೇಳಿದೆ. “ಎಂಜಿನ್ನೊಳಗೆ ಬೆಂಡು ಕೂರ್ಸಿದ ಮೇಲೆ ನಿನ್ ಗಾಡಿ ಗಾಳಿ ಆಯ್ತಲ್ಲೋ ಮಾರಾಯ!” ಯಾವ ಅಂಟು ಎಂದು ನಾನು ಹೇಳಲಿಲ್ಲ. ಪ್ರತಿ ಸಂಜೆ ಕೆಂಡದ ಮೇಲೆ ಒಂದು ಹಿಡಿ ರಾಳ ಹಾಕಿದೆ, ಅಷ್ಟೇ. ಹೊಗೆ ಗೋಡೆ ಹತ್ತಿ ಆಚೆ ಇಳಿಯುತ್ತಿತ್ತು.

ವಾರ ಕಳೆಯುವುದರೊಳಗೆ ಬೆಳ್ಳಪ್ಪನ ಅಂಗಳದಲ್ಲಿ ಅವನ ಎಂಜಿನ್ನು ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಹೊಸನಗರದಿಂದ ಬಂದ ಮಿಸ್ತ್ರಿ ಗುಂಡಿ ತೋರಿಸುತ್ತಿದ್ದ. ಬೆಳ್ಳಪ್ಪ ನನ್ನದೇ ಕತ್ತಿಯಲ್ಲಿ ಬೆಂಡು ಹೆರೆಯುತ್ತಿದ್ದ. ಮಾರನೆಯ ದಿನ ಆ ಕಡೆಯಿಂದ ಕುದಿಯುವ ರಾಳದ ವಾಸನೆ ಬಂತು. ನನಗೆ ಅದು ಮಲ್ಲಿಗೆಯ ದಂಡೆಗಿಂತ ಹಿತವಾಯಿತು. ಪಾತ್ರೆಯ ಸದ್ದು ಕೇಳಿದರೆ, ಕವಲೇದುರ್ಗದ ಕೋಟೆಗೋಡೆ ಮೆತ್ತುವಷ್ಟು ರಾಳ ಕಾಯಿಸುತ್ತಿದ್ದ.

“ಅವನು ಬಿದ್ದು ಕೈಕಾಲು ಮುರ್ಕಂಡ್ರೆ?” ಅಂದ ಶೇಷಪ್ಪ.

“ಏರಿನಲ್ಲಿ ನಿಂತ್ರೆ ಎಲ್ಲಿ ಬೀಳ್ತಾನೆ? ಬಿದ್ರೂ ಮೀಸೆ ಮೇಲೆ ಬೀಳ್ತಾನೆ. ಮೆತ್ತಗಿರುತ್ತೆ.”

ಬೆಳ್ಳಪ್ಪ ಎಂಜಿನ್ನು ಮತ್ತೆ ಕೂಡಿಸಿ ಮುಗಿಸಿದ್ದು ಮದುವೆಯ ಹಿಂದಿನ ರಾತ್ರಿ, ಓಡಿಸಿ ನೋಡಲು ಹೊತ್ತೇ ಇರಲಿಲ್ಲ. ಮದುವೆಯ ದಿನ ಬೆಳಿಗ್ಗೆ ಎರಡು ಮನೆಯಲ್ಲೂ ಒಟ್ಟಿಗೆ ಆರತಿಯ ಗಂಟೆ ಬಾರಿಸಿತು. ಬಾಸಿಂಗದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಶೇಷಪ್ಪನ ಹಿಂದೆ ಕೂತೆ. ವಿಧವೆ ಮೋಟಾರ್ ಸೈಕಲ್ ಹತ್ತಿದ್ದನ್ನು ನೋಡಲು ಸೇರಿದಷ್ಟು ಜನ ಅಣೆಕಟ್ಟು ನೋಡಲೂ ಹೋಗಿರಲಿಲ್ಲ.

“ಅತ್ಗೆ, ಗಟ್ಟಿ ಹಿಡ್ಕಳಿ. ಎಲ್ಲಾದ್ರೂ ಸ್ವರ್ಗಕ್ಕೆ ಹೋಗ್ಬಿಟ್ರೆ ಅಣ್ಣ ಹೆದರ್ಕಂಡಾನು!” ಎಂದು ಕೂಗಿ ಬೆಳ್ಳಪ್ಪ ಮುಂದೆ ಹಾರಿದ.

ಸುಳ್ಳೇಕೆ, ಹಾರಿದ್ದು ನಿಜ. ಬೆಂಡು ಅವನ ಗಾಡಿಯನ್ನೂ ಗಾಳಿ ಮಾಡಿತ್ತು. ಬಟ್ಟೆಮಲ್ಲಪ್ಪದಲ್ಲಿ ಅವನ ಧೂಳು ಕಂಡಿತು, ಹೊಸನಗರದಲ್ಲಿ ಅದೂ ಕಾಣಲಿಲ್ಲ. ಚಾ ಅಂಗಡಿಯವನು, “ಆಗ್ಲೇ ಹೋದ್ರು ಅಮ್ಮ, ರಸ್ತೆ ಮುಟ್ಟದೇ ಹೋದ್ರು” ಅಂದ. ಅಷ್ಟು ದಪ್ಪ ಬಳಿದ ರಾಳ ತೀರ್ಥಹಳ್ಳಿಯವರೆಗೂ ತಡೆದರೆ? ನಾನೇ ಅವನಿಗೆ ಗುಟ್ಟು ಕೊಟ್ಟು ಗೆಲ್ಲಿಸಿದ ಹಾಗಾಗುತ್ತದೆ. ಮತ್ತೆ ಸಾಯುವವರೆಗೂ ನನಗೆ ಚಟ್ಟದ ಹೂವೇ ಗತಿ.

ಹೊಸನಗರ ದಾಟಿದ ಮೇಲಿನ ಏರಿನಲ್ಲಿ ಮೊದಲು ವಾಸನೆ ಬಂತು. ಸುಟ್ಟ ರಾಳ. ದೇವಸ್ಥಾನವೇ ರಸ್ತೆಗೆ ಬಂದು ನಿಂತ ಹಾಗೆ ಘಮ ಅನ್ನುತ್ತಿತ್ತು. ಆಮೇಲೆ ನೀಲಿ ಹೊಗೆ, ಆಮೇಲೆ ಗಾಡಿ, ಆಮೇಲೆ ಬೆಳ್ಳಪ್ಪ. ಕಿಕ್ಕರಿನ ಮೇಲೆ ನಿಂತು ಕುಣಿಯುತ್ತಿದ್ದ. ಅದು ಇಳಿಯುತ್ತಲೇ ಇರಲಿಲ್ಲ.

“ನಿಲ್ಸು,” ಅಂದೆ.

“ಬೇಡಕ್ಕ. ಈ ಬಿಸಿಗೆ ನಿಲ್ಸಿದ್ರೆ ಮತ್ತೆ ಹತ್ತಲ್ಲ.”

“ನಿಲ್ಸೋ! ಈ ಮುಖ ನೋಡಕ್ಕೇ ಬದುಕಿದೀನಿ.”

ನಿಲ್ಲಿಸಿದ. ನಾನು ಇಳಿದು, ಸೆರಗು ಸರಿಮಾಡಿಕೊಂಡು, ಮದುಮಗನನ್ನು ನೋಡುವ ಹಾಗೆ ಅವನ ಸುತ್ತ ಒಂದು ಪ್ರದಕ್ಷಿಣೆ ಬಂದೆ.

“ಏನ್ ಮೈದುನ್ರೇ, ಗಾಡಿ ಕಣ್ಮುಚ್ಚಿತಾ? ಮುಂಡೆ ಏನಾದ್ರೂ ಮುಟ್ಟಿದ್ಲಾ?”

ಅವನ ಬೆವರು ಮೀಸೆಯ ಎರಡು ತುದಿಯಿಂದಲೂ ಮಾಡಿನ ನೀರಿನಂತೆ ಇಳಿಯುತ್ತಿತ್ತು. ಇನ್ನೂ ಎರಡು ಮಾತು ಆಡಿದೆ. ಇನ್ನೂ ನಾಲ್ಕು ಆಡುತ್ತಿದ್ದೆ, ಅಷ್ಟರಲ್ಲಿ ಶೇಷಪ್ಪ ಕಿಕ್ಕರ್ ತುಳಿಯುವುದು ಕೇಳಿಸಿತು. ತುಳಿದ. ಮತ್ತೆ ತುಳಿದ. ನಮ್ಮ ಗಾಡಿಯೂ ಮೂಕ.

“ಹೇಳ್ಲಿಲ್ವಾ ನಾನು!” ಎಂದು ಶೇಷಪ್ಪ ಕಿರುಚಿದ. “ನಿನ್ ನಾಲಗೆಗೆ ಬೆಂಡು ತುರುಕ್ಬೇಕಿತ್ತು!”

ಆಗಲೇ ಕೆಳಗಿನ ತಿರುವಿನಲ್ಲಿ ತೀರ್ಥಹಳ್ಳಿಯ ಬಸ್ಸು ಹಾರನ್ ಮಾಡಿತು. ಬೆಳ್ಳಪ್ಪ ಗಾಡಿಯನ್ನು ಚರಂಡಿಗೆ ಒರಗಿಸಿ, ಪೆಟ್ಟಿಗೆ ಎತ್ತಿಕೊಂಡು ಕೈ ಅಡ್ಡ ಹಿಡಿದ. ಬಸ್ಸು ನಿಂತಿತು. ನಾನು ಪೆಟ್ಟಿಗೆ ಎತ್ತಿಕೊಂಡು ಓಡುವಷ್ಟರಲ್ಲಿ ಅವನನ್ನು ಹತ್ತಿಸಿಕೊಂಡು ಹೊರಟೇಬಿಟ್ಟಿತು. ಅವನು ಮೆಟ್ಟಿಲ ಮೇಲೆ ನಿಂತು ಹಲ್ಲು ಬಿಟ್ಟ.

“ಬತ್ತೀನಿ ಅತ್ಗೆ! ಕವಳ ಹಾಕ್ತಾ ಕಾಯ್ತೀನಿ!”

ಭೂಮಿ ಬಿರಿದು ನನ್ನನ್ನು ನುಂಗಿದ್ದರೆ ಅದಕ್ಕೂ ಅಜೀರ್ಣವಾಗುತ್ತಿತ್ತು, ಅಷ್ಟು ಕಹಿಯಾಗಿದ್ದೆ. ಪೆಟ್ಟಿಗೆಯನ್ನು ಸೆರಗಿನಲ್ಲಿ ಸುತ್ತಿ ಕೂಸಿನ ಹಾಗೆ ಬೆನ್ನಿಗೆ ಕಟ್ಟಿದೆ. ಗಾಡಿಯ ಹಿಂದಕ್ಕೆ ಹೆಗಲು ಕೊಟ್ಟೆ. ಗಂಡನ ಮೇಲಿನ ಸಿಟ್ಟು, ಮೈದುನನ ಮೇಲಿನ ಸಿಟ್ಟು, ನನ್ನ ನಾಲಗೆಯ ಮೇಲಿನ ಸಿಟ್ಟು, ಎಲ್ಲ ಸೇರಿ ನೂಕಿದವು. ಏರಿನ ನೆತ್ತಿ ಮುಟ್ಟಿದ್ದೇ ಶೇಷಪ್ಪ ಹಾರಿ ಕೂತ, ಅವನ ಅಂಗಿ ಹಿಡಿದು ನಾನೂ ಹಾರಿದೆ. ಇಳಿಜಾರಿನ ನಡುವೆ ಗಾಡಿ ಒಮ್ಮೆ ಕೆಮ್ಮಿತು, ಸೀನಿತು, ಆಮೇಲೆ ಕೂಗಿತು ನೋಡಿ! ಮರಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು.

ತೀರ್ಥಹಳ್ಳಿಯ ಸೇತುವೆ ಇನ್ನೇನು ಬಂತು ಅನ್ನುವಾಗ ಬಸ್ಸು ಸಿಕ್ಕಿತು. ಹೆಂಗಸೊಬ್ಬಳು ಚೀನಿಕಾಯಿಗಳನ್ನು, ಅದೇ ಸಿಹಿಗುಂಬಳಗಳನ್ನು, ಇಳಿಸುತ್ತಿದ್ದಳು. ಇಳಿಸಿದಷ್ಟೂ ಮುಗಿಯುತ್ತಿರಲಿಲ್ಲ, ತೀರ್ಥಹಳ್ಳಿಗೆಲ್ಲ ಹುಳಿ ಮಾಡಲು ಹೊರಟಿರಬೇಕು. ಬೆಳ್ಳಪ್ಪ ಕಿಟಕಿಯಿಂದ ಅರ್ಧ ಹೊರಗೆ ಬಂದು, “ರೈಟ್! ರೈಟ್ ಹೇಳ್ರಿ!” ಎಂದು ಕಂಡಕ್ಟರಿನ ಮೇಲೆ ಕೂಗುತ್ತಿದ್ದ. “ಸುಮ್ನಿರಯ್ಯ, ಕಾಯಿ ಒಡೆದ್ರೆ ನೀನ್ ಕೊಡ್ತೀಯಾ?” ಅನ್ನುತ್ತಿದ್ದ ಕಂಡಕ್ಟರು. ಈ ಸಲ ನಾನು ನಿಲ್ಲಿಸು ಅನ್ನಲಿಲ್ಲ. ತುಟಿ ಕಚ್ಚಿ ಹಿಡಿದುಕೊಂಡೆ, ರಕ್ತ ಬಂತು.

ಬಾಸಿಂಗದ ಪೆಟ್ಟಿಗೆಯನ್ನು ಶಾಂತಮ್ಮನ ಹೊಸ್ತಿಲಿನ ಒಳಗಿಟ್ಟೆ. ಅವರು ಮುಚ್ಚಳ ತೆಗೆದು ಒಂದನ್ನು ಅಂಗೈ ಮೇಲಿಟ್ಟುಕೊಂಡರು. “ಇದ್ಯೋ ಇಲ್ವೋ ಗೊತ್ತೇ ಆಗಲ್ವಲ್ಲೇ,” ಅಂದರು. ಅಷ್ಟರಲ್ಲಿ ಬೆಳ್ಳಪ್ಪ ಓಡಿ ಬಂದು ಹೊಸ್ತಿಲ ಆಚೆ ನಿಂತ. ಮುಹೂರ್ತಕ್ಕೆ ಕರೆಯುವ ವಾಲಗ ಶುರುವಾಗಿತ್ತು.

ಆಗ ಪುರೋಹಿತರು ಕೂಗಿದರು. ಬಾಸಿಂಗ ಮಾಡಿದ ಮನೆಯವರು ಮಂಟಪಕ್ಕೆ ಬಂದು, ಯಾರ ಕೈಕೆಲಸವೆಂದು ಹೇಳಿ, ತಟ್ಟೆ ಒಪ್ಪಿಸಿ ವೀಳ್ಯ ತೆಗೆದುಕೊಳ್ಳಬೇಕು. ನಾನು ಮಂಟಪಕ್ಕೆ ಹೋಗುವ ಹಾಗಿಲ್ಲ. ಬೀಗರ ಕಡೆಯ ಹೆಂಗಸರು ಆಗಲೇ ಮೂಗಿನ ಮೇಲೆ ಬೆರಳಿಟ್ಟಿದ್ದರು. ಶಾಂತಮ್ಮನೇ ಸ್ವಂತ ಮಗಳ ಧಾರೆಯನ್ನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಬೇಕಿತ್ತು. ಶೇಷಪ್ಪ ನನ್ನ ತವರಿನವನು, ಮೇಲಾಗಿ ಆಯಿಲಿನಲ್ಲಿ ಅದ್ದಿ ತೆಗೆದ ಹಾಗಿದ್ದ.

ಶಾಂತಮ್ಮ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಇಬ್ಬರೂ ಹೊಸ್ತಿಲ ಆಚೆಗೆ ನೋಡಿದೆವು.

“ಬೆಳ್ಳಪ್ಪ,” ಅಂದರು, “ಕೈ ತೊಳ್ಕೊ. ನಿಮ್ಮನೆ ಗಂಡಸು ನೀನೇ ತಾನೇ?”

“ನಾನಾ?” ಅಂದ ಬೆಳ್ಳಪ್ಪ. “ಅತ್ಗೆ ಮಾಡಿದ್ದನ್ನ ನಾನು ಒಪ್ಪಿಸ್ಲಾ?”

“ಬ್ಯಾಡ ಅಂದ್ರೆ ಬ್ಯಾಡ. ಬಸ್ಸು ಅಲ್ಲೇ ನಿಂತಿರ್ಬೋದು, ಹತ್ತು. ಆಮೇಲೆ ಹೊಳೆ ದಾಟಿ ಯಾವ ಮದುವೆಮನೆಗೂ ಬರ್ಬ್ಯಾಡ.”

ಬೆಳ್ಳಪ್ಪ ಕೈ ತೊಳೆದ. ನನ್ನ ಬಾಸಿಂಗದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಆ ಜನರ ನಡುವೆ ಹೋಗಿ ನಿಂತ. ನಾನೂ ಶಾಂತಮ್ಮನೂ ಬಾಗಿಲ ಸಂದಿಗೆ ಒಂದೊಂದು ಕಣ್ಣು ಹಚ್ಚಿದೆವು. ಅವನು ಮೀಸೆಯೊಳಗೇ ಏನೋ ಗೊಣಗಿದ.

“ಕೇಳಿಸ್ಲಿಲ್ಲ!” ಅಂದರು ಶಾಂತಮ್ಮ ಬಾಗಿಲ ಹಿಂದಿನಿಂದ. ವಾಲಗದವರು ಬೆಚ್ಚಿ ವಾಲಗ ಕೆಳಗಿಟ್ಟರು.

“ಇದು ನಮ್ಮ ಅತ್ಗೆ ದುರ್ಗಮ್ಮನ ಕೈಕೆಲಸ,” ಎಂದು ಬೆಳ್ಳಪ್ಪ ಗಟ್ಟಿಯಾಗಿ ಹೇಳಿದ. ಚಪ್ಪರದ ತುದಿಯವರೆಗೂ ಮುಟ್ಟಿತು. ಅದೇ ಬಾಯಿ. ಮೂರು ತಾಲ್ಲೂಕು ಸುತ್ತಿ ನನ್ನನ್ನು ಮುಂಡೆ ಅಂದ ಅದೇ ಬಾಯಿ.

ಬಾಸಿಂಗ ಕಟ್ಟಿದರು. ಮದುಮಗ ಕಣ್ಣು ಮುಚ್ಚಲಿಲ್ಲ. ಊಟದಲ್ಲಿ ಎರಡು ಸಲ ಪಾಯಸ ಹಾಕಿಸಿಕೊಂಡು, ಮೂರನೆಯದಕ್ಕೂ ಬಡಿಸುವವನ ದಾರಿ ನೋಡುತ್ತಿದ್ದ.

ಪಂಕ್ತಿ ಎದ್ದ ಮೇಲೆ ಬೆಳ್ಳಪ್ಪ ಅಡುಗೆಮನೆಯ ಬಾಗಿಲಿಗೆ ಬಂದ. ತನ್ನ ಪೆಟ್ಟಿಗೆಯ ತಳದಿಂದ ನನ್ನ ಕತ್ತಿ ತೆಗೆದು ಹೊಸ್ತಿಲ ಮೇಲಿಟ್ಟ. ನಾನು ಕೇಳಿರಲಿಲ್ಲ. ಕೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು, ಅವಕಾಶ ಕೊಡಲಿಲ್ಲ. ಹೋಗದೆ ಅಲ್ಲೇ ನಿಂತ.

“ಅತ್ಗೆ, ನಿಮ್ದಕ್ಕೂ ಬೆಂಡೇ ಹಾಕಿದ್ರಾ?”

“ಬೆಂಡೇ.”

“ರಾಳ ಬಳಿದಿರ್ಲಿಲ್ವಾ?”

“ಅರಗು.”

ಮೀಸೆಯ ತುದಿ ಕಚ್ಚಿದ. “ಮತ್ತೆ ದಿನಾ ಸಂಜೆ ನಿಮ್ಮನೆಯಿಂದ ಆ ರಾಳದ ವಾಸನೆ?”

ನಾನು ಕತ್ತಿಯ ಅಲಗನ್ನು ಹೆಬ್ಬೆರಳಿನಿಂದ ನೋಡಿದೆ. ಮೊಂಡು ಮಾಡಿಟ್ಟಿದ್ದ, ಬೇಕೂಫ.

“ಸೊಳ್ಳೆ ಕಾಟ ಮಾರಾಯ,” ಅಂದೆ. “ಗೋಡೆ ಆ ಕಡೆಯಿಂದ ಬತ್ತಿದ್ವು.”